ನೊಣ ಹೊಡೆಯುವ ಖಾನಾವಳಿಗೆ ಮನೆ ಸಾಲ

ಗದಗಿನ ಬ್ಯಾಂಕಿನಲ್ಲಿ ಮನೆ ಸಾಲದ ಮೇಜಿನ ಹಿಂದೆ ಕುಳಿತವಳಿಗೆ ತಲೆ ಕೆಡಲು ಬೇರೆ ಕಾರಣವೇ ಬೇಕಿಲ್ಲ. ನಾನು ಹೇಳುವುದು ಒಂದು, ಕೇಳಿದವರು ಮಾಡುವುದು ಇನ್ನೊಂದು, ಕೊನೆಗೆ ಕೆಲಸವಾಗುವುದು ಮೂರನೆಯದರಿಂದ. ಶಿರಹಟ್ಟಿಯವರು, ಮುಂಡರಗಿಯವರು ತಮ್ಮ ಕೈಲಾದಷ್ಟು ನನ್ನ ತಲೆ ತಿಂದಿದ್ದಾರೆ. ಪೂರ್ತಿ ತಿಂದವರು ಮಾತ್ರ ಲಕ್ಷ್ಮೇಶ್ವರದ ಖಾನಾವಳಿ ದಂಪತಿ.

ಅವರದು ಬಾಡಿಗೆ ಮನೆ. ಮುಂದಿನ ಪಡಸಾಲೆಯಲ್ಲಿ ಖಾನಾವಳಿ, ಹಿಂದೆ ಸಂಸಾರ. ಮಾಲೀಕರು ಮನೆ ಮಾರಲು ಹೊರಟಿದ್ದರು. "ದಸರಾದೊಳಗ ನೀವು ತಗೊಂಡ್ರ ನಿಮಗ, ಇಲ್ಲಾಂದ್ರ ಬ್ಯಾರೆಯವ್ರಿಗೆ" ಅಂದಿದ್ದರಂತೆ. ಬೇರೆಯವರು ಕೊಂಡರೆ ಮನೆ ಕೆಡವಿ ಕಾಂಪ್ಲೆಕ್ಸ್ ಕಟ್ಟುತ್ತಾರೆ. ಆಗ ಇವರ ಒಲೆಯೂ ಹೋಯಿತು, ಸೂರೂ ಹೋಯಿತು.

ವ್ಯಾಪಾರ ಹೆಂಗೈತಿ?

ನಮ್ಮ ಮ್ಯಾನೇಜರ್ ಮೈಸೂರು ಕಡೆಯವರು, ಆಗಷ್ಟೇ ಬಂದಿದ್ದರು. ಖಾನಾವಳಿಯ ಯಜಮಾನರನ್ನು ಕೂರಿಸಿಕೊಂಡು ಪ್ರೀತಿಯಿಂದ, "ವ್ಯಾಪಾರ ಹೇಗಿದೆ?" ಎಂದು ಕೇಳಿದರು.

"ಏನ್ ವ್ಯಾಪಾರ್ರಿ ಸಾಹೇಬ್ರ, ನೊಣ ಹೊಡಕೋತ ಕುಂತೇವಿ."

ಮ್ಯಾನೇಜರ್ ಫೈಲು ಮುಚ್ಚಿದರು. "ಮೇಡಂ, ಇವ್ರು ಕಂತು ಹೇಗೆ ಕಟ್ತಾರೆ?"

ನಾನು ಯಜಮಾನರನ್ನು ಹೊರಗೆ ಕರೆದುಕೊಂಡು ಹೋಗಿ, "ಖರೆ ಹೇಳ್ರಿ" ಅಂದೆ. ಅವರು ಆ ಕಡೆ ಈ ಕಡೆ ನೋಡಿ ಪಿಸುಗುಟ್ಟಿದರು. "ಮಧ್ಯಾಹ್ನ ನಿಲ್ಲಾಕ ಜಾಗಾ ಇರಂಗಿಲ್ರಿ. ಹಂಗಂತ ನಾಕ ಮಂದಿ ಮುಂದ ಹೇಳಾಕ ಬರತೈತೇನ್ರಿ? ದೃಷ್ಟಿ ಆಗೂದಿಲ್ಲ?"

ದೃಷ್ಟಿಗೆ ಹೆದರುವವರು ಸಾಲಕ್ಕೆ ಬರಬಾರದು ಅಂತ ರೇಗಿದೆ. ಬಂದ ದುಡ್ಡನ್ನೆಲ್ಲ ದಿನಾ ಖಾತೆಗೆ ಹಾಕಿ, ತೆರಿಗೆ ಲೆಕ್ಕ ಸರಿಯಾಗಿ ಸಲ್ಲಿಸಿ, ಬ್ಯಾಂಕು ನಂಬುವುದು ಅದನ್ನೇ ಎಂದು ತಿಳಿಸಿ ಹೇಳಿದೆ. ಪಾಪ, ಹಾಗೇ ಮಾಡಿದರು. ಆದರೆ ಲಕ್ಷ್ಮೇಶ್ವರ ಶಾಖೆಯ ಕ್ಯಾಷಿಯರ್ ಒಂದು ದಿನ ಫೋನಿನಲ್ಲಿ ಕೇಳಿದರು: "ಯಾರ್ರಿ ಈ ಮನಷ್ಯಾ? ದಿನಾ ಬಂದು 'ಏನಿಲ್ರಿ, ಹಂಗ ಒಂದೀಟು' ಅಂತಾನ. ಆ ಒಂದೀಟು ಎಣಸಾಕ ನಾ ಮಷೀನ್ ಹಚ್ಚಬೇಕು!"

ಏರುವ ಬಡ್ಡಿ, ಏರದ ಬಡ್ಡಿ

ಮುಂದಿನ ಸಲ ಹೆಂಡತಿ ಬಂದರು. ಖಾನಾವಳಿ ನಿಜಕ್ಕೂ ನಡೆಸುವವರು ಅವರೇ. ಸ್ಥಿರ ಬಡ್ಡಿ ಎಂದರೆ ಏನು, ಏರಿಳಿಯುವ ಬಡ್ಡಿ ಎಂದರೆ ಏನು ಅಂತ ಸಾವಕಾಶವಾಗಿ ವಿವರಿಸಿದೆ.

"ಅಂದ್ರ ನೀವು ನಡುವ ರೇಟು ಏರಸ್ತೀರಿ?"

"ಏರಬಹುದು, ಇಳೀಬಹುದು."

"ನಾನೂ ನಾಳಿಂದ ಹಂಗ ಮಾಡ್ಲೇನ್ರಿ? ಒಂದ ರೊಟ್ಟಿ ತಿಂದಾಗ ಒಂದು ರೇಟು, ಎರಡನೇದು ತಿನ್ನೂದ್ರಾಗ ಇನ್ನೊಂದು. ಗಿರಾಕಿ ತಾಟು ಎತ್ತಿ ಹೊಡೀತಾರ."

ಸ್ಥಿರ ಬಡ್ಡಿ ಶುರುವಿನಲ್ಲೇ ಸ್ವಲ್ಪ ಜಾಸ್ತಿ ಇರುತ್ತದೆ ಎಂದೆ. "ಜಗಳ ಆಗೂಕಿಂತ ಮೊದ್ಲ ದಂಡ ಕಟ್ಟಿದಂಗ" ಅಂದರು. ಸರಿ, ನೀವು ಯಾವುದು ತಗೋತಿದ್ದಿರಿ ಅಂತ ಕೇಳಿದರು. ನಾನೇ ತೆಗೆದುಕೊಂಡ ಮನೆ ಸಾಲ ಯಾವ ಬಡ್ಡಿಯದು ಎಂದು ನನಗೆ ತಟ್ಟನೆ ನೆನಪಾಗಲಿಲ್ಲ. ನೀರು ಕುಡಿದು ಬರುತ್ತೇನೆ ಎಂದು ಎದ್ದು ಹೋದೆ.

ಟೇಪು ಹಿಡಿದು ಬಂದವರು

ಮನೆಯ ಬೆಲೆ ಕಟ್ಟಲು ಬ್ಯಾಂಕಿನ ಎಂಜಿನಿಯರ್ ಲಕ್ಷ್ಮೇಶ್ವರಕ್ಕೆ ಹೋದರು, ಜೊತೆಗೆ ನಾನೂ. ಅವರು ಟೇಪು ಬಿಚ್ಚಿದ್ದೇ ತಡ, ಓಣಿಯ ಮಂದಿ ಸುತ್ತುವರಿದರು. ನಮ್ಮ ಕಡೆ ಟೇಪು ಹಿಡಿದು ಬರುವವನು ಒಬ್ಬನೇ, ಮನೆ ತೆರಿಗೆ ಏರಿಸುವವನು.

"ಎದಕ್ಕ ಅಳೀತೀರ್ರಿ ಸಾಹೇಬ್ರ, ಇದು ಮನೀನ ಅಲ್ಲ."

"ಮಳಿಗಾಲದಾಗ ಹೊರಗಿಂತ ಒಳಗ ಜಾಸ್ತಿ ಮಳಿ ಬರತೈತಿ."

"ಈ ಗೋಡಿ ನಮ್ಮ ಗೋಡಿಗೆ ಆತು ನಿಂತೈತಿ. ನಾವು ಕೆಮ್ಮಿದ್ರ ಬೀಳತೈತಿ."

ಇವರನ್ನು ಸುಮ್ಮನಿರಿಸಿ ಎಂದು ನಾನು ಖಾನಾವಳಿಯ ಯಜಮಾನರಿಗೆ ಕಣ್ಣು ಸನ್ನೆ ಮಾಡಿದೆ. ಅವರೂ ಅಭ್ಯಾಸಬಲದಿಂದ ತಲೆ ಆಡಿಸುತ್ತ, "ಖರೇನ್ರಿ, ಜೀವಾ ಕೈಯಾಗ ಹಿಡಕೊಂಡು ಅದೇವಿ" ಅಂದುಬಿಟ್ಟರು. ಎಂಜಿನಿಯರ್ ಒಳಗೆ ಕಾಲಿಡಲೇ ಇಲ್ಲ. ಹೊರಗೇ ನಿಂತು ವರದಿ ಬರೆದು ಊಟ ಬೇರೆ ಕಡೆ ಮಾಡಿದರು.

ಹೊಗಳಿಕೆಯ ದಿನ

ಓಣಿಗೆಲ್ಲ ಕೇಳುವಂತೆ ಕೂಗಾಡಿದೆ. ಬಂದವನು ತೆರಿಗೆಯವನಲ್ಲ, ಸಾಲ ಕೊಡಿಸುವವನು; ಇದ್ದದ್ದು ಇದ್ದಂತೆ ಹೇಳಿ ಎಂದೆ. ಎಂಜಿನಿಯರ್ ಕಾಲು ಹಿಡಿಯುವುದೊಂದು ಬಾಕಿ, ಮತ್ತೆ ಕರೆತಂದೆ. ಈ ಸಲ ಅವರು ಗೋಡೆ ಬಡಿದು, ಮಾಳಿಗೆ ಹತ್ತಿ, ಸ್ವಂತ ಕಣ್ಣಿನಿಂದ ನೋಡಿ ಗಟ್ಟಿ ಮನೆ ಎಂದರು. ಆದರೆ ಓಣಿಯವರು ಸುಮ್ಮನಿರಬೇಕಲ್ಲ.

"ಇಂಥಾ ಸಾಗವಾನಿ ತೊಲಿ ಅರಮನ್ಯಾಗೂ ಇಲ್ರಿ!"

"ಈ ಮನಿಗೆ ಬಂದವರ್ಯಾರೂ ಬಡವರಾಗಿಲ್ಲ!"

ಆ ಹೊತ್ತಿಗೆ ಮನೆಯ ಮಾಲೀಕರು ಮೂಲೆಯಲ್ಲಿ ರೊಟ್ಟಿ ಮುರಿಯುತ್ತ ಕುಳಿತಿದ್ದರು. ಮಧ್ಯಾಹ್ನದ ಊಟ ಅವರದು ಅಲ್ಲೇ. ಕೈ ತೊಳೆದುಕೊಂಡು ಬಂದು ಹೇಳಿದರು: "ನಮ್ಮ ಮನಿ ಇಷ್ಟು ಚಲೋ ಐತಿ ಅಂತ ನನಗ ಗೊತ್ತ ಇರಲಿಲ್ರಿ. ಹಳೇ ರೇಟಿಗೆ ಕೊಡಾಕ ಆಗಂಗಿಲ್ಲ."

ಎಂಜಿನಿಯರ್ ಮನೆ ನೋಡುವ ಮೊದಲೇ ಮಾಲೀಕರ ಜೊತೆ ಬೆಲೆ ಮಾತಾಡಿ, ಮುಂಗಡ ಕೊಟ್ಟು, ಕರಾರು ಬರೆಸಿಕೊಳ್ಳಬೇಕು. ಎಲ್ಲರಿಗೂ ಹೇಳುವ ನಾನು ಇವರಿಗೆ ಹೇಳುವುದನ್ನೇ ಮರೆತಿದ್ದೆ. ಅವತ್ತು ಖಾನಾವಳಿಯ ಹೆಣ್ಣುಮಗಳು ಒಲೆಯ ಮುಂದೆ ಕುಳಿತು ಸೆರಗಿನಿಂದ ಕಣ್ಣು ಒರೆಸಿಕೊಂಡರು. ತಪ್ಪು ಯಾರದೆಂದು ಹುಡುಕಲು ಹೋದರೆ, ಎಲ್ಲರೂ ನನ್ನ ಮಾತು ಕೇಳಿದವರೇ!

"ಇರಬೇಕು"

ದಸರೆ ಹತ್ತಿರ ಬಂತು. ಮಾಲೀಕರು ಗದಗಿನ ಒಬ್ಬ ಬಟ್ಟೆ ವ್ಯಾಪಾರಿಯನ್ನು ಮನೆ ತೋರಿಸಲು ಕರೆತಂದರು. ವ್ಯಾಪಾರಿ ಜೇಬಿನಿಂದ ಟೇಪು ತೆಗೆದ. ಹೊಗಳಬೇಕೋ ತೆಗಳಬೇಕೋ ತಿಳಿಯದೆ ಓಣಿಯವರು ಖಾನಾವಳಿಯ ಬಾಗಿಲಿನತ್ತ ನೋಡಿದರು. ಹಿಟ್ಟಿನ ಕೈಯಲ್ಲೇ ಆಕೆ ಹೊಸ್ತಿಲಲ್ಲಿ ನಿಂತು ಅಂದರು:

"ಮನಿ ತೆರಿಗಿಯವ್ರು ಇರಬೇಕು."

ಅಷ್ಟೇ ಸಾಕಾಯಿತು. ಮಾಳಿಗೆ ಸೋರಿತು, ಗೋಡೆ ಕೆಮ್ಮಿಗೆ ಬಿತ್ತು, ಬಾವಿಯಲ್ಲಿ ಹಾವು ಬಂತು. ವ್ಯಾಪಾರಿ ಟೇಪು ಸುತ್ತಿಕೊಳ್ಳುವುದಕ್ಕೂ ನಿಲ್ಲದೆ ಕಾರು ಹತ್ತಿದ. ಮರುದಿನ ಮಾಲೀಕರೇ ನನಗೆ ಫೋನು ಮಾಡಿದರು: "ಮೇಡಂ, ಹಳೇ ರೇಟ ಇರ್ಲಿ. ಜಲ್ದಿ ಮುಗಸ್ರಿ, ಮನಿ ಬಿದ್ದೀತು!"

ಈ ಸಲ ನಾನು ಮರೆಯಲಿಲ್ಲ. ಮಾಲೀಕರ ಮಧ್ಯಾಹ್ನದ ಊಟ ಮುಗಿಯುವುದರೊಳಗೆ ಕರಾರಿಗೆ ಸಹಿ ಬಿದ್ದಿತ್ತು. ಸುಳ್ಳು ಹೇಳಿದಿರಲ್ಲ ಎಂದು ಆಕೆಗೆ ಅಂದೆ. "ಇರಬೇಕು ಅಂದ್ನಿರಿ, ಅದಾರ ಅಂದ್ನೇನು?" ಎಂದರು.

ಮೇಲಿನವರ ಫೋನು

ಸಾಲ ಮಂಜೂರಾಗಿ ದಸರಾಕ್ಕೆ ಗೃಹಪ್ರವೇಶ. ತಮ್ಮದೇ ಹೊಸ್ತಿಲಿಗೆ ಆಕೆ ಅರಿಶಿನ ಹಚ್ಚುವುದನ್ನು ನೋಡಿ ನನ್ನ ಕಣ್ಣೂ ತುಂಬಿತು. ಮ್ಯಾನೇಜರ್ ಕೂಡ ಬಂದು ಎಣ್ಣೆಗಾಯಿ, ರೊಟ್ಟಿ ಹೊಡೆಯುತ್ತಿದ್ದರು. ಆಗಲೇ ಅವರಿಗೆ ಮುಖ್ಯ ಕಚೇರಿಯಿಂದ ಫೋನು, "ವ್ಯಾಪಾರ ಹೇಗಿದೆ?" ಅಂತ. ಮನೆ ಸಾಲದಲ್ಲಿ ನಮ್ಮ ಶಾಖೆ ಆ ಸಲ ಎಲ್ಲರಿಗಿಂತ ಮುಂದಿತ್ತು. ಮ್ಯಾನೇಜರ್ ಮುಖ ಅರಳಿಸಿ ಬಾಯಿ ತೆರೆಯುವಷ್ಟರಲ್ಲಿ ಆಕೆ ರೊಟ್ಟಿ ಹಿಡಿದೇ ಅಡ್ಡ ಬಂದರು.

"ಹೇಳಬ್ಯಾಡ್ರಿ ಸಾಹೇಬ್ರ! ದೃಷ್ಟಿ ಆಗತೈತಿ."

ಮ್ಯಾನೇಜರ್ ಗೊಂದಲದಿಂದ ನನ್ನನ್ನು ನೋಡಿದರು, ಮನೆಯನ್ನು ನೋಡಿದರು, ತಟ್ಟೆಯನ್ನು ನೋಡಿದರು. ಆಮೇಲೆ ಫೋನಿಗೆ ಹೇಳಿದರು:

"ಏನ್ ವ್ಯಾಪಾರ ಸಾರ್, ನೊಣ ಹೊಡ್ಕೊಂಡು ಕೂತಿದೀವಿ."

ಮುಖ್ಯ ಕಚೇರಿಯವರೂ ಮೈಸೂರು ಕಡೆಯವರೇ. ಮರುದಿನವೇ ತನಿಖೆಗೆ ಬಂದರು.