ಎರಡು ಖೋಲಿಯ ಮನೆಗೆ ಬಂದ ಕಯಾಕು

ನಾನು ಯಾರನ್ನೂ ಹೆದರಿಸಲು ಹೋದವಳಲ್ಲ, ಆದರೂ ನನ್ನ ನೌಕರಿಯುದ್ದಕ್ಕೂ ಜನ ಹೆದರುವುದನ್ನು ಬಿಟ್ಟಿಲ್ಲ. ಬಿಳಿ ಸೀರೆಯುಟ್ಟು, ಬಗಲಿಗೆ ಲಸಿಕೆಯ ಡಬ್ಬಿ ಹಾಕಿಕೊಂಡು ಇಂಡಿ, ಸಿಂದಗಿ, ಬಾಗೇವಾಡಿ ಎಂದು ವರ್ಗವಾಗುತ್ತ ಮುದ್ದೇಬಿಹಾಳಕ್ಕೆ ಬಂದ ನರ್ಸ್ ನಾನು. ಸಿಂದಗಿ ಕಡೆ ಇದ್ದಾಗ ಆರಡಿ ಗಂಡಸೊಬ್ಬ ನನ್ನನ್ನು ಕಂಡು ಜೋಳದ ಕಣಿಕೆಯ ಬಣವೆಯಲ್ಲಿ ಅಡಗಿದ್ದ. ಸೂಜಿ ಇದ್ದದ್ದು ಅವನ ಮಗಳಿಗೆ. ಆದರೆ ನಾನು ಕಯಾಕು ಕೊಂಡ ವರ್ಷ ಜನ ಹೆದರಿದ ಪರಿಯೇ ಬೇರೆ.

ಕಯಾಕು ಅಂದರೆ ಒಬ್ಬರು ಕಾಲು ಚಾಚಿ ಕೂತು, ಎರಡು ತುದಿಗೂ ಹಲಗೆಯಿರುವ ಹುಟ್ಟು ಹಾಕುತ್ತ ಹೋಗುವ ಸಪೂರ ದೋಣಿ. ಹಿನ್ನೀರಿನಲ್ಲಿ ಮುಳುಗಿದ ಊರೊಂದರ ಏಳೆಂಟು ಮನೆಗಳು ಆಚೆ ದಿಬ್ಬದ ಮೇಲೆ ಉಳಿದಿದ್ದವು. ಅಲ್ಲಿ ಇಬ್ಬರು ಮಕ್ಕಳಿಗೆ ದಡಾರ ಎದ್ದಿತ್ತು, ಒಂದು ಕೂಸಂತೂ ಸಾಯುವಂತಾಗಿ ಉಳಿದಿತ್ತು. ಇನ್ನೂ ಹದಿನೇಳು ಮಕ್ಕಳಿಗೆ ಸೂಜಿ ಹಾಕಬೇಕಿತ್ತು. ರಸ್ತೆ ಸುತ್ತಿ ಹೋದರೆ ಡಬ್ಬಿಯ ಐಸು ನೀರಾಗಿರುತ್ತಿತ್ತು. ಅಂಬಿಗನೋ, ಹತ್ತು ಜನ ಕೂಡದೆ ದೋಣಿ ಬಿಡುತ್ತಿರಲಿಲ್ಲ. ಹೇಗೋ ತಲುಪಿದರೂ ಹುಡುಗರು ನನ್ನ ಡಬ್ಬಿ ನೋಡಿದ್ದೇ ತಡ, ಜೋಳದ ಹೊಲ ಹೊಕ್ಕುಬಿಡುತ್ತಿದ್ದರು. ಆ ಹದಿನೇಳು ಹೆಸರುಗಳ ಪಟ್ಟಿ ಕಿಸೆಯಲ್ಲಿರುವಾಗ ನನಗೆ ತುತ್ತು ಇಳಿಯುತ್ತಿರಲಿಲ್ಲ.

ಸೀರೆಯ ಅಳತೆ

ಆಣೆಕಟ್ಟಿನ ಹತ್ತಿರ ನೀರಾಟ ಕಲಿಸುತ್ತಿದ್ದ ಶಿಬಿರವೊಂದು ಮುಚ್ಚಿ, ಅಲ್ಲಿಯ ಕಯಾಕುಗಳನ್ನು ಮಾರುತ್ತಿದ್ದಾರೆಂದು ಗೊತ್ತಾಯಿತು. ದಂಡೆಯಲ್ಲಿ ಬಿಟ್ಟರೆ ಯಾರಾದರೂ ಎಮ್ಮೆಗೆ ಬಾನಿ ಮಾಡಿಕೊಳ್ಳುತ್ತಾರೆ, ಮನೆಯಲ್ಲೇ ಇಡಬೇಕು. ನಮ್ಮದೋ ಮಹಡಿ ಮೇಲೆ ಎರಡು ಖೋಲಿ. ಅಲ್ಲಿ ನಾನೂ ನಮ್ಮ ಯಜಮಾನರೂ ಒಟ್ಟಿಗೆ ಮೈಮುರಿದರೆ ಒಬ್ಬರ ಕೈ ಇನ್ನೊಬ್ಬರ ಮೂಗಿಗೆ. ಹಳೆ ಸೀರೆಯೊಂದರಿಂದ ಖೋಲಿ ಅಳೆದು, ಅಳತೆಗೆ ಗಂಟು ಹಾಕಿಕೊಂಡು ಹೋದೆ.

ಅಲ್ಲಿ ಮೂರು ಉಳಿದಿದ್ದವು. ಇಬ್ಬರು ಕೂಡುವ ಉದ್ದನೆಯದು, ಗಾಳಿ ತುಂಬುವ ರಬ್ಬರಿನದು, ಬೂದಿ ಬಣ್ಣದ ಗಿಡ್ಡನೆಯದು. ನಾನು ಒಂದೊಂದಕ್ಕೂ ಸೀರೆ ಹಿಡಿಯುವುದನ್ನು ಕಾವಲುಗಾರ ನೋಡಿದ. ಆಮೇಲೆ ಕೇಳಿದ, "ಬಾಯಾರ, ನಿಮಗ ಈಜು ಬರತೈತೇನ್ರಿ?"

"ಇಲ್ಲ."

"ಹಂಗಾರ ಆ ಗಂಟು ಬಿಚ್ಚಬ್ಯಾಡ್ರಿ. ನೀರಾಗಿಂದ ನಿಮ್ಮನ್ನ ಎಳ್ಯಾಕ ಆ ಸೀರಿ ಬೇಕಾಗತೈತಿ."

ಹಾಗಂದವನೇ ಒಂದು ತೇಲುವ ಅಂಗಿ ಕೊಟ್ಟ. ಎಂಟು ದಿನ ದಂಡೆಯಲ್ಲೇ ಹುಟ್ಟು ಹಾಕುವುದನ್ನೂ ಕಲಿಸಿದ.

ಮೂರನೆಯ ಉಸಿರು

ಮಡಚಿದರೆ ಮಂಚದ ಕೆಳಗೆ ಹೋಗುತ್ತದೆಂದು ಮೊದಲು ರಬ್ಬರಿನದನ್ನು ಪರೀಕ್ಷೆಗೆ ತಂದೆವು. ಸೋರುತ್ತದೋ ಇಲ್ಲವೋ ನೋಡಲು ಬೆಳಿಗ್ಗೆ ಗಾಳಿ ತುಂಬಿ, ಬಾಗಿಲಿಗೆ ಕೀಲಿ ಹಾಕಿ ಇಬ್ಬರೂ ಕೆಲಸಕ್ಕೆ ಹೋದೆವು.

ಮಟಮಟ ಮಧ್ಯಾಹ್ನ. ಕೆಳಗಿನ ಮನೆಯಲ್ಲಿ ಮಾಲಕಿ ಒಬ್ಬರೇ. ಮೇಲಿಂದ ಯಾರೋ ಉದ್ದಕ್ಕೆ ಉಸಿರು ಬಿಟ್ಟರಂತೆ. ನಿಂತಿತು. ಮತ್ತೆ ಬಿಟ್ಟರು. ಆಮೇಲೆ ನೆಲದ ಮೇಲೆ ಏನೋ ತೆವಳಿದ ಸಪ್ಪಳ. ಮಾಲಕಿ ಓಣಿಯ ಹೆಂಗಸರನ್ನು ಕೂಡಿಸಿಕೊಂಡು ಮೆಟ್ಟಿಲು ಹತ್ತಿ, ನಮ್ಮ ಬಾಗಿಲಿಗೆ ಕಿವಿ ಹಚ್ಚಿ, "ಯಾರದೀರಿ ಒಳಗ?" ಎಂದರಂತೆ. ಒಳಗಿಂದ "ಸ್ಸ್ಸ್..." ಎಂದು ಉತ್ತರವೂ ಬಂತು.

ನಾನು ಸಂಜೆ ಬಂದಾಗ ಹೊಸ್ತಿಲಲ್ಲಿ ಲಿಂಬೆಹಣ್ಣು, ಚಿಲಕದಲ್ಲಿ ಬೇವಿನ ಸೊಪ್ಪು. ನಗುತ್ತಲೇ ಬಾಗಿಲು ತೆಗೆದವಳು ಕಿರುಚಿದೆ. ಅರ್ಧ ಗಾಳಿ ಹೋದ ಆ ರಬ್ಬರು, ಮೂಲೆಯಲ್ಲಿ ಬೆನ್ನು ಬಾಗಿಸಿ ಕೂತು ಬಾಗಿಲ ಕಡೆಗೇ ನೋಡುತ್ತಿದ್ದ ಹಾಗಿತ್ತು. ಅದು ದೋಣಿ, ಸೋರುತ್ತಿದೆ ಅಷ್ಟೇ ಎಂದು ಮಾಲಕಿಗೆ ತಿಳಿಸಿ ಹೇಳುವಷ್ಟರಲ್ಲಿ ನನ್ನ ಗಂಟಲು ಒಣಗಿತು. ಅವರು ಎಲ್ಲ ಕೇಳಿಸಿಕೊಂಡು ಖಡಾಖಡಿ ಹೇಳಿದರು: "ಮನಿ ಕೊಡೂವಾಗ ಇಬ್ಬರs ಇರ್ತೀವಿ ಅಂದಿದ್ರಿ. ಮೂರನೇದ್ದು ಯಾವುದೂ ಉಸುರು ಬಿಡಬಾರದು ನೋಡ್ರಿ."

ಕೂಡ್ಸೂದಿಲ್ಲೇನು?

ರಬ್ಬರನ್ನು ವಾಪಸು ಕೊಟ್ಟು ಬೂದಿ ಬಣ್ಣದ ಗಿಡ್ಡನೆಯದನ್ನು ತಂದೆವು. ಅದು ಉಸಿರು ಬಿಡುತ್ತಿರಲಿಲ್ಲ. ಮೂಲೆಯಲ್ಲಿ ನೆಟ್ಟಗೆ ನಿಂತಿರುತ್ತಿತ್ತು. ನಮ್ಮ ಯಜಮಾನರು ಮೊದಲ ಮೂರು ದಿನ ಅದಕ್ಕೆ ಬೆನ್ನು ಹಾಕಿ ಊಟಕ್ಕೆ ಕೂಡಲಿಲ್ಲ.

ಅದನ್ನು ನೀರಿಗೆ ಒಯ್ಯುವ ದಿನ, ಗೀಚು ಬೀಳದಿರಲೆಂದು ಅವರು ತಮ್ಮ ಬಿಳಿ ಧೋತರ ಸುತ್ತಿದರು. ಮೆಟ್ಟಿಲು ಇಕ್ಕಟ್ಟು. ನೆರೆಯ ಮೂವರು ಬಂದರು, ನಾಲ್ವರೂ ಹೆಗಲು ಕೊಟ್ಟು ಇಳಿಸಿದರು. ಟಂಟಂ ಗಾಡಿ ನಿಂತಿದ್ದ ರಸ್ತೆಯ ಕೂಟಿನವರೆಗೆ ಹಾಗೇ ಹೊತ್ತುಕೊಂಡು ಹೊರಟರು. ಹಿಂದೆ ನಾನು, ಕಣ್ಣಿಗೆ ಬಿದ್ದ ಧೂಳನ್ನು ಸೆರಗಿನಿಂದ ಒರೆಸಿಕೊಳ್ಳುತ್ತ.

ಓಣಿ ಓಣಿಯೇ ಸ್ತಬ್ಧವಾಯಿತು. ಸೈಕಲ್ಲಿನವರು ಇಳಿದು ನಿಂತರು. ಕಿರಾಣಿ ಅಂಗಡಿಯವನು ರೇಡಿಯೋ ಬಂದ್ ಮಾಡಿದ. ಗುರುತಿಲ್ಲದವನೊಬ್ಬ ಬಂದು ತಾನೂ ಹೆಗಲು ಕೊಟ್ಟ. ನಾಲ್ಕೈದು ಜನ ಮಾತಿಲ್ಲದೆ ಹಿಂದೆ ನಡೆಯತೊಡಗಿದರು. ಆ ಮೌನಕ್ಕೆ ನನಗೇ ಒಂದು ಕ್ಷಣ ಯಾರೋ ಹೋದಂತೆನಿಸಿ ನಿಜವಾಗಿಯೂ ಕಣ್ಣು ತುಂಬಿತು.

ನಮ್ಮ ಕಡೆ ಬಹಳ ಮನೆತನಗಳಲ್ಲಿ ಸತ್ತವರನ್ನು ಕೂಡಿಸಿಯೇ ಒಯ್ಯುತ್ತಾರೆ, ಮಲಗಿಸುವುದಿಲ್ಲ. ಕಟ್ಟೆಯ ಮೇಲಿದ್ದ ಮುದುಕರೊಬ್ಬರು ಎದ್ದು ಬಂದು ನಮ್ಮ ಯಜಮಾನರನ್ನು ಮೆಲ್ಲಗೆ ಕೇಳಿದರು, "ತಮ್ಮಾ, ಮಲಗ್ಸಿ ಒಯ್ಯಾಕತ್ತೀರಲ್ಲಪಾ, ಕೂಡ್ಸೂದಿಲ್ಲೇನು?"

ನಮ್ಮವರು ಭಾರಕ್ಕೆ ಏದುಸಿರು ಬಿಡುತ್ತ ಹೇಳಿದರು, "ನೀರಿಗೆ ಬಿಟ್ಟ ಮ್ಯಾಲೆ ನಮ್ಮಾಕಿನ್ನ ಕೂಡಸ್ತೀವ್ರಿ."

ಮುದುಕರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ತಂಗೀ," ಎಂದರು, "ಇದಕ್ಕ ನಿನ್ನ ಒಪ್ಪಿಗಿ ಐತೇನವಾ?"

ಹದಿನೇಳು ಹೆಸರು

ಮೊದಲ ಸಲ ಒಬ್ಬಳೇ ನೀರಿಗಿಳಿದ ಬೆಳಿಗ್ಗೆ ಮಂಜು ಕವಿದಿತ್ತು. ನಾನು ಹೋಗುತ್ತಿದ್ದದ್ದು ಮುಳುಗಿದ ಊರಿನ ಮೇಲೆಯೇ. ಒಣಗಿದ ಬೇವಿನ ಮರದ ತುದಿಗಳು ನೀರಿನಿಂದ ಬೆರಳು ಚಾಚಿದ್ದವು. ಯಾವ ಹಕ್ಕಿಯ ದನಿಯೂ ಇಲ್ಲ. ಇದ್ದಕ್ಕಿದ್ದಂತೆ ಕಯಾಕಿನ ತಳವನ್ನು ಕೆಳಗಿಂದ ಯಾರೋ ಉಗುರಿನಿಂದ ಕೆರೆದ ಹಾಗಾಯಿತು. ಟೊಂಗೆ ಎಂದು ತಲೆಗೆ ಗೊತ್ತು, ಕೈಕಾಲಿಗೆ ಗೊತ್ತಿಲ್ಲ. ಧೈರ್ಯಕ್ಕೆ ಏನಾದರೂ ಗಟ್ಟಿಯಾಗಿ ಹೇಳೋಣವೆಂದರೆ ಒಂದು ದೇವರ ಹೆಸರೂ ಬಾಯಿಗೆ ಬರಲಿಲ್ಲ. ಬಂದದ್ದು ಆ ಪಟ್ಟಿ. "ಶಾಂತವ್ವಾ... ಮಲ್ಲಪ್ಪಾ... ರೇಣುಕಾ..." ಎಂದು ಹದಿನೇಳು ಮಕ್ಕಳ ಹೆಸರನ್ನೂ ನಡುಗುವ ದನಿಯಲ್ಲಿ ಕೂಗುತ್ತ ಹುಟ್ಟು ಹಾಕಿದೆ. ಮುಗಿದರೆ ಮತ್ತೆ ಮೊದಲಿನಿಂದ.

ದಿಬ್ಬಕ್ಕೆ ಹೋದರೆ ನರಪಿಳ್ಳೆ ಇಲ್ಲ. ಒಲೆ ಉರಿಯುತ್ತಿದೆ, ಹಂಚಿನ ಮೇಲೆ ರೊಟ್ಟಿ ಸೀಯುತ್ತಿದೆ, ಬಡಿಯುವವರಿಲ್ಲ. ಎಲ್ಲ ಬಾಗಿಲುಗಳೂ ಹಾರು ಹೊಡೆದಿವೆ, ಒಂದನ್ನು ಬಿಟ್ಟು. ಅದರ ಮುಂದೆ ಕಸಬರಿಗೆ, ಹಳೆ ಕೆರ, ಬೇವಿನ ಸೊಪ್ಪು. ಬಡಿದೆ.

ಒಳಗಿಂದ ಒಬ್ಬ ಅಜ್ಜಿಯ ದನಿ: "ನಾಳಿ ಬಾ!"

ನನಗೆ ಸಿಟ್ಟು ನೆತ್ತಿಗೇರಿತು. "ನಾಳಿ ಬಂದ್ರ ಐಸ್ ಕರಗತೈತಿ! ಈಗs ತಗೀರಿ!"

ಒಳಗೆ ಪಿಸಪಿಸ. ಆಮೇಲೆ ಅದೇ ದನಿ ನಡುಗುತ್ತ ಕೇಳಿತು, "ನಡದ ಕೆಳಗ ಏನೂ ಇಲ್ಲ, ಬಿಳೀ ಸೀರಿ, ನೀರ ಮ್ಯಾಲೆ ತೇಲಿ ಬಂದಿ. ಊರು ಮುಳುಗಿದಲ್ಲಿಂದ ನಮ್ಮ ಕೂಸುಗಳ ಹೆಸರು ಹಿಡದು ಕರದಿ. ಯಾರು ನೀ?"

ಆಗ ನನಗೆ ತಿಳಿಯಿತು. ಮಂಜಿನಲ್ಲಿ ಬೂದಿ ಬಣ್ಣದ ಗಿಡ್ಡ ಕಯಾಕು ದಂಡೆಗೆ ಕಂಡೇ ಇಲ್ಲ. ಕಂಡದ್ದು ನಾನು, ಅದೂ ಅರ್ಧ.

"ನರ್ಸಬಾಯಿ ಅದೀನಿ, ಆಯಿ!"

ಒಳಗೊಂದು ಹುಡುಗಿ ಚಿಟ್ಟನೆ ಚೀರಿತು: "ಆಯೀ, ತಗೀಬ್ಯಾಡ! ದೆವ್ವ ಅಲ್ಲ, ಸೂಜಿ ಬಾಯಿ ಬಂದಾಳ!"

ಅಜ್ಜಿಗೆ ಜೀವ ಬಂದಂತಾಗಿ ಬಾಗಿಲು ತೆಗೆದಳು. ಕಿಟಕಿಯಿಲ್ಲದ ಆ ಒಂದೇ ಖೋಲಿಯಲ್ಲಿ, ದೆವ್ವಕ್ಕೆ ಸಿಗದಿರಲೆಂದು ದಿಬ್ಬದ ಮಕ್ಕಳನ್ನೆಲ್ಲ ತುಂಬಿದ್ದರು. ತಾಯಂದಿರು ಗೋಡೆಗೆ ಅಂಟಿ ಕೂತಿದ್ದರು. ಓಡಲು ದಾರಿಯಿಲ್ಲ. ಪಟ್ಟಿಯ ಹೆಸರು ಹಿಡಿದು ಎರಡು ಸಲ ಎಣಿಸಿದೆ. ಹದಿನೇಳು. ಡಬ್ಬಿಯಲ್ಲಿ ಐಸು ಇನ್ನೂ ಖಣಖಣ ಅನ್ನುತ್ತಿತ್ತು. ಕೊನೆಯ ಮಗುವಿನ ತೋಳಿಗೆ ಹತ್ತಿ ಒತ್ತುವಾಗ ನಾನು ಅತ್ತೇಬಿಟ್ಟೆ.

ಅಜ್ಜಿ ನನ್ನನ್ನು ಕಳಿಸಲು ದಂಡೆಯವರೆಗೆ ಬಂದಳು. ನಾನು ಕಯಾಕಿನೊಳಗೆ ಕಾಲಿಟ್ಟು, ಅರ್ಧ ಮರೆಯಾಗುವುದನ್ನು ಕಣ್ಣಾರೆ ನೋಡಿದ ಮೇಲೆ ಕಿವಿಯ ಹತ್ತಿರ ಬಗ್ಗಿದಳು.

"ಬಾಯಾರ, ಮುಂದಿನ ಸೂಜೀಗೂ ಹಿಂಗs ದೆವ್ವಾಗಿ ಬರ್ರಿ. ನರ್ಸಾಗಿ ಬಂದ್ರ ಒಂದೂ ಸಿಗೂದಿಲ್ಲ."