ಮುನ್ನೂರು ಮೀಟರಿನ ಒಗ್ಗರಣೆ

ಕಾರ್ಡ್‌ಲೆಸ್ ಫೋನ್ ತಯಾರಿಸುವ ಕಂಪನಿಯ ಗ್ರಾಹಕ ಸೇವಾ ವಿಭಾಗದ ಮಾನ್ಯರೇ,

ಬಸವಕಲ್ಯಾಣದ ತಹಸೀಲ ಕಚೇರಿಯಲ್ಲಿ ಮೂವತ್ತೊಂದು ವರ್ಷ ಊರವರ ದೂರುಗಳನ್ನು ‘ಪರಿಶೀಲನೆಯಲ್ಲಿದೆ’ ಎಂದು ಬರೆದು ಕಟ್ಟಿಟ್ಟು ನಿವೃತ್ತನಾದ ವೈಜಿನಾಥನೆಂಬ ನಾನು, ಜೀವನದಲ್ಲಿ ಮೊದಲ ಸಲ ದೂರುದಾರನಾಗಿ ತಮಗೆ ಶಿರಬಾಗಿ ನಮಸ್ಕರಿಸುತ್ತೇನೆ. ತಮ್ಮ ಫೋನ್ ಪೆಟ್ಟಿಗೆಯ ಮೇಲೆ ಬರೆದಷ್ಟನ್ನೂ ಮಾಡುತ್ತದೆ ಎಂಬುದೇ ನನ್ನ ದೂರು.

ಎರಡು ತಿಂಗಳ ಹಿಂದೆ ಹುಮನಾಬಾದಿನಲ್ಲಿ ಮಗಳು ಅನುರಾಧಾ ಕಾಲು ಮುರಿದುಕೊಂಡಳೆಂದು ನನ್ನ ಹೆಂಡತಿ ವಿದ್ಯಾವತಿ ಅಲ್ಲಿಗೆ ಹೊರಟಳು. ನನಗೆ ಸಕ್ಕರೆ ಕಾಯಿಲೆ. ಮನೆಯಿಂದ ಎಂಬತ್ತು ಹೆಜ್ಜೆಗೆ ಅಬ್ದುಲ್ ಕರೀಂ ಭಾಯಿಯವರ ಜಿಲೇಬಿ ಅಂಗಡಿ. “ದಿನಾ ಸಂಜಿ ಐದಕ್ಕ ಮನಿ ಫೋನಿಗೇ ಮಾಡ್ತೀನ್ರಿ. ಮೊಬೈಲ್ ಆದ್ರ ನೀವು ಎಲ್ಲಿ ಬೇಕಾದಲ್ಲಿ ಕುಂತು ಹಲೋ ಅಂತೀರಿ,” ಎಂದು ಆಕೆ ತಾಕೀತು ಮಾಡಿ ಹೋದಳು. ಕರೀಂ ಭಾಯಿಯವರ ಕಡಾಯಿ ಕಾಯುವುದೂ ಐದಕ್ಕೇ.

ಮರುದಿನವೇ ತಮ್ಮ ಎರಡು ಹ್ಯಾಂಡ್‌ಸೆಟ್‌ಗಳ ಫೋನ್ ತಂದೆ. ಒಂದು ಸುತ್ತೋಲೆಯನ್ನೂ ಪೂರ್ತಿ ಓದದ ನಾನು ತಮ್ಮ ಕೈಪಿಡಿಯನ್ನು ಭಕ್ತಿಯಿಂದ ಓದಿದೆ: ಫೋನ್ ತಂತಿ ಸಿಕ್ಕಿಸುವ ಬೇಸ್ ಪೆಟ್ಟಿಗೆಯನ್ನು ಫ್ರಿಜ್ಜಿನಿಂದ ದೂರ, ಕಿಟಕಿಯ ಬಳಿ, ಎತ್ತರದಲ್ಲಿಟ್ಟೆ, ಬ್ಯಾಟರಿಗೆ ಹದಿನಾರು ತಾಸು ಚಾರ್ಜು ಕುಡಿಸಿದೆ. ‘ಬಯಲಿನಲ್ಲಿ ಮುನ್ನೂರು ಮೀಟರ್’ ಎಂಬ ಪುಟ ಬಂದಾಗ ಕಣ್ಣು ತುಂಬಿ ಬಂದು, ಮುಂದಿನ ಪುಟಗಳನ್ನು ಹಾಗೇ ಮಡಿಸಿಟ್ಟೆ. ಒಂದು ಹ್ಯಾಂಡ್‌ಸೆಟ್ ಮನೆಯಲ್ಲಿ ಉಳಿಯಿತು, ಇನ್ನೊಂದು ನನ್ನ ಜೇಬಿನಲ್ಲಿ ಅಂಗಡಿಗೆ ನಡೆಯಿತು.

ತಮ್ಮ ಫೋನಿನ ಧ್ವನಿಯ ಸ್ಪಷ್ಟತೆಯನ್ನು ಎಷ್ಟು ಹೊಗಳಿದರೂ ಸಾಲದು. “ಅದೇನ್ರಿ ಚರ್ ಅನ್ನಾಕತ್ತದ?” ಎಂದು ಮೊದಲ ದಿನವೇ ವಿದ್ಯಾವತಿ ಕೇಳಿದಳು. ಕಡಾಯಿಯ ಪಕ್ಕ ನಿಂತಿದ್ದ ನಾನು, “ಪಲ್ಯಕ್ಕ ಒಗ್ಗರಣಿ ಹಾಕಾಕತ್ತೀನಿ,” ಎಂದುಬಿಟ್ಟೆ. ಮದುವೆಯಾದಂದಿನಿಂದ ಚಹಾ ಕೂಡ ಕಾಯಿಸದ ಗಂಡ ಅಡುಗೆ ಕಲಿತನೆಂದು ಆಕೆ ಹುಮನಾಬಾದಿನ ಓಣಿಗೆಲ್ಲ ಹೇಳಿಕೊಂಡು ಬಂದಳಂತೆ. ಹೀಗೆ ಒಂಬತ್ತು ಸಂಜೆಗಳಲ್ಲಿ ನಾನು ಪುಂಡಿ, ಮೆಂತೆ, ಬದನೆಕಾಯಿ ಎಂದು ಒಂಬತ್ತು ಪಲ್ಯ ಮಾಡಿದೆ, ಎಲ್ಲವನ್ನೂ ಬಾಯಲ್ಲಿ ಜಿಲೇಬಿ ಇಟ್ಟುಕೊಂಡೇ.

ಹತ್ತನೆಯ ದಿನ ಐದಕ್ಕೆ ಮೊದಲೇ ಜೇಬು ರಿಂಗಣಿಸಿತು.

“ಎಲ್ಲಿದ್ದೀರಿ?”

“ಅಡುಗಿ ಮನ್ಯಾಗ. ಇವತ್ತು ಹೀರೇಕಾಯಿ.”

“ನಾನೂ ಅಡುಗಿ ಮನ್ಯಾಗೇ ನಿಂತೀನ್ರಿ. ಒಲಿ ತಣ್ಣಗದ.”

ನಾನು ಮಡಿಸಿಟ್ಟ ಪುಟಗಳಲ್ಲಿ, ಒಂದು ಹ್ಯಾಂಡ್‌ಸೆಟ್‌ನಿಂದ ಇನ್ನೊಂದಕ್ಕೆ ಕರೆ ಮಾಡುವ ಇಂಟರ್‌ಕಾಮ್ ಎಂಬ ಸೌಲಭ್ಯವಿತ್ತು. ನನ್ನ ಪಲ್ಯ ಉಣ್ಣಲೆಂದು ಹೇಳದೆ ಬಸ್ಸು ಹತ್ತಿ ಬಂದು, ತನ್ನ ಕೀಲಿಯಿಂದ ಬಾಗಿಲು ತೆಗೆದ ಆಕೆ ಖಾಲಿ ಮನೆಯಲ್ಲಿ ಆ ಪುಟಗಳನ್ನು ಬಿಚ್ಚಿ ಓದಿ, ಗುಂಡಿ ಒತ್ತಿದ್ದಳು. ಕರೀಂ ಭಾಯಿ ನನ್ನ ಮುಖ ನೋಡಿ ತಟ್ಟೆ ಹಿಂದಕ್ಕೆಳೆದುಕೊಂಡು, “ಲಗೂನ ಹೋಗ್ರಿ ಸಾಹೇಬ್ರ,” ಎಂದರು.

ಬೈದಿದ್ದರೆ ಸಹಿಸಬಹುದಿತ್ತು. ಅಡುಗೆಕಟ್ಟೆಯ ಮೇಲೆ ಅರಿವೆಯಲ್ಲಿ ಸುತ್ತಿ ತಂದ ನಾಲ್ಕು ರೊಟ್ಟಿ ಇದ್ದವು. “ನಾ ಖರೇ ಅಂತ ನಂಬಿದ್ದೆ,” ಎಂದಷ್ಟೇ ಹೇಳಿ ಆಕೆ ಅವನ್ನು ಬರೀ ಶೇಂಗಾ ಹಿಂಡಿಯ ಚಟ್ನಿಪುಡಿ ಹಚ್ಚಿ ಬಡಿಸಿದಳು.

ಮರುದಿನ ರಕ್ತ ಪರೀಕ್ಷೆಯಲ್ಲಿ ಸಕ್ಕರೆ ಮುನ್ನೂರ ಹದಿನೆಂಟು. ಎಡಗಾಲಿನ ಅಡಿಯಲ್ಲಿ ನನಗೇ ಗೊತ್ತಿಲ್ಲದೆ ಹುಣ್ಣಾಗಿತ್ತು. ಇನ್ನು ಹದಿನೈದು ದಿನ ತಡವಾಗಿದ್ದರೆ ಬೆರಳು ಹೋಗುತ್ತಿತ್ತೆಂದರು ಡಾಕ್ಟರು. ವಿದ್ಯಾವತಿ ನನ್ನನ್ನೂ ಕರೆದುಕೊಂಡು ಹೋದಳು; ಹುಮನಾಬಾದಿನಲ್ಲಿ ಒಂದು ತಿಂಗಳು ಅಪ್ಪ-ಮಗಳು ಎದುರುಬದುರು ಕಾಲು ಚಾಚಿ ಕುಳಿತೆವು. ಕುಳಿತಲ್ಲೇ ಕಾಯಿಪಲ್ಲೆ ಹೆಚ್ಚುವುದನ್ನು ವಿದ್ಯಾವತಿ ಕಲಿಸಿದಳು. ನಾನು ನಿಜವಾಗಿ ಮಾಡಿದ ಮೊದಲ ಪಲ್ಯ ಸೀದು ಹೋಗಿತ್ತು. ಆಕೆ ಎರಡು ಸಲ ಹಾಕಿಸಿಕೊಂಡು ಉಂಡಳು.

ಆದ್ದರಿಂದ ಮುಂದಿನ ಮಾದರಿಯ ವ್ಯಾಪ್ತಿಯನ್ನು ಅಡುಗೆಮನೆಯ ಹೊಸ್ತಿಲಿಗೇ ನಿಲ್ಲಿಸಬೇಕೆಂದೂ, ಸುಳ್ಳು ಹೇಳಿದಾಗ ಬ್ಯಾಟರಿ ತಾನಾಗಿ ಇಳಿಯುವ ಏರ್ಪಾಡು ಮಾಡಬೇಕೆಂದೂ, ಅದಾಗದಿದ್ದರೆ ಕೈಪಿಡಿಯನ್ನು ಕೊನೆಯ ಪುಟದಿಂದ ಆರಂಭಿಸಬೇಕೆಂದೂ ವಿನಂತಿಸುತ್ತೇನೆ.

ತಮ್ಮ ಯಂತ್ರದಲ್ಲಿ ಒಂದು ದೋಷವನ್ನೂ ಕಾಣಲಾಗದೆ ಸೋತಿರುವ,
ತಮ್ಮ ವಿಶ್ವಾಸಿ,
ವೈಜಿನಾಥ ಮುಡಬಿ

ತಾ.ಕ.: ತಮ್ಮ ಸಹಾಯವಾಣಿಗೆ ಆರು ಸಲ ಕರೆ ಮಾಡಿದೆ, ಆರು ಸಲವೂ ‘ನಮ್ಮ ಪ್ರತಿನಿಧಿಗಳು ಕಾರ್ಯನಿರತರಾಗಿದ್ದಾರೆ’ ಎಂದಿತು. ಅನುಭವಸ್ಥನಾಗಿ ಹೇಳುತ್ತೇನೆ, ಒಮ್ಮೆ ಅವರ ಹೆಂಡಂದಿರಿಂದ ಫೋನ್ ಮಾಡಿಸಿ ನೋಡಿ.