ಐದು ಸಹಿ ಸಿಗದ ಅರ್ಜಿ

ಪರೋಪಕಾರದ ಚಟ ನಶ್ಯದ ಚಟಕ್ಕಿಂತ ಕೆಟ್ಟದ್ದು. ನಶ್ಯದಿಂದ ಸೀನು ಬರುವುದು ನಮಗೊಬ್ಬರಿಗೆ. ಪರೋಪಕಾರದಿಂದ ಕೇರಿಗೆಲ್ಲ ಬರುತ್ತದೆ. ಇದು ನನಗೆ ತಿಳಿದದ್ದು ತೊಂಬತ್ತರ ದಶಕದ ಕೊನೆಗೆ, ಮದುವೆಯಾಗದ ಮಾಸ್ತರನಾಗಿ ತೆಂಗಿನಗುಂಡಿಯಲ್ಲಿ ಬಾಡಿಗೆಗಿದ್ದಾಗ. ಪಕ್ಕದ ಮನೆಯಲ್ಲಿ ದುರ್ಗಮ್ಮ ಒಬ್ಬಳೇ ಇದ್ದಳು. ಮೀನುಬುಟ್ಟಿ ಹೊತ್ತು ಭಟ್ಕಳ ಪೇಟೆಗೆ ನಡೆದೇ ಮುದುಕಿಯಾದವಳು. ಗಂಡ ತೀರಿಹೋಗಿದ್ದ, ಮಕ್ಕಳಿರಲಿಲ್ಲ. ಆ ವರ್ಷ ಬಾವಿಕಟ್ಟೆಯಲ್ಲಿ ಜಾರಿಬಿದ್ದು ಸೊಂಟ ಕೈಕೊಟ್ಟಿತು. ಎದ್ದು ಕೂರಲೂ ಇನ್ನೊಬ್ಬರು ಬೇಕಾಯಿತು.

ಏನಾದರೂ ಮಾಡಲೇಬೇಕೆಂದು ಹೊರಟೆ. ಆದರೆ ಗಂಜಿ ಬೇಯಿಸಲೂ ಬಾರದ ನಾನು ಅರ್ಜಿ ಬರೆಯುವುದರಲ್ಲಿ ಮಾತ್ರ ಗಟ್ಟಿಗ. ಕುಮಟೆಯ ಒಂದು ವೃದ್ಧಾಶ್ರಮದಿಂದ ಫಾರ್ಮು ತಂದೇಬಿಟ್ಟೆ. ಅದರಲ್ಲೊಂದು ಸಾಲು: ‘ಸದರಿಯವರನ್ನು ನೋಡಿಕೊಳ್ಳುವವರು ಯಾರೂ ಇರುವುದಿಲ್ಲ.’ ಕೆಳಗೆ ನೆರೆಯ ಐವರ ಸಹಿ ಬೇಕು.

ಆಶ್ರಮಕ್ಕೆ ಹೋಗುತ್ತೀಯಾ ಎಂದು ಕೇಳಿದೆ. “ಕೇರಿಯವ್ರಿಗೆ ಭಾರ ಆಪುದು ಬ್ಯಾಡ. ಆತು ಮಾಸ್ತರ್ರೆ, ಹೋತೆ” ಎಂದ ದುರ್ಗಮ್ಮ ಗೋಡೆಯ ಕಡೆ ತಿರುಗಿ ಮಲಗಿದಳು. ಬುದ್ಧಿವಂತನಾದ ನಾನು ಅದನ್ನು ಒಪ್ಪಿಗೆಯೆಂದು ತಿಳಿದೆ.

ಎದುರುಮನೆಯ ಮಾದೇವಿಗೆ ಆ ಸಾಲನ್ನು ಓದಿ ಹೇಳಿದೆ. “ಯಾರೂ ಇಲ್ಲ ಅಂದ್ರೆ ಎಂತ? ಬೆಳಿಗ್ಗೆ ಗಂಜಿ ಕೊಟ್ಟವ್ಳು ನಾನಲ್ದಾ? ನಾ ಎಂತ ಭೂತವಾ?” ಎಂದು ಪೆನ್ನನ್ನು ಆಚೆ ದೂಡಿದಳು. ದೋಣಿಯ ಜಟ್ಟಪ್ಪ, “ಸುಳ್ಳಿಗೆ ಸಹಿ ಹಾಕುಕೆ ನಾ ಇಲ್ಲ” ಎಂದ. ಕೇರಿಯಿಡೀ ಅಲೆದೆ. ಒಬ್ಬಳು ನೀರು ತರುವವಳು, ಇನ್ನೊಬ್ಬಳು ಮೀಯಿಸುವವಳು. ಪೇಟೆಯಲ್ಲಿ ಮೀನು ಮಾರಿ ಬಂದ ಹೆಂಗಸರೆಲ್ಲ ದಿನಾ ಒಂದೊಂದು ಬಂಗುಡೆಯನ್ನು ಅವಳ ಪಾತ್ರೆಗೆ ಹಾಕಿಯೇ ಮನೆಗೆ ಹೋಗುವವರು. ಅಯ್ಯೋ ಶಿವನೇ! ಇಷ್ಟು ಮಂದಿ ಗೋಡೆಯಾಚೆ ಓಡಾಡುತ್ತಿದ್ದರೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಸಹಿಯ ಬದಲು ಬೈಗುಳ ಸಿಕ್ಕಿತು, ಜೊತೆಗೊಂದು ಕೆಲಸವೂ. “ಮಧ್ಯಾಹ್ನ ನಾವೆಲ್ಲ ಪೇಟೆಲಿರ್ತೊ. ಊಟಕ್ಕೆ ಬಂದಾಗ ನೀವೇ ಅವ್ಳನ್ನ ಎಬ್ಬಿಸಿ ಕೂರ್ಸಿ” ಎಂದು ಮಾದೇವಿ ಅಪ್ಪಣೆ ಮಾಡಿದಳು. ಯಾರೂ ಸಹಿ ಹಾಕಲಿಲ್ಲವೆಂದು ಹೇಳಿದಾಗ ದುರ್ಗಮ್ಮ ಈಚೆಗೆ ತಿರುಗಿ, ಸೆರಗಿನಿಂದ ಮುಖ ಒರೆಸಿಕೊಂಡಳು.

ನಾಲ್ಕು ವರ್ಷ ಎಬ್ಬಿಸಿ ಕೂರಿಸಿದೆ, ಖಾನಾವಳಿಯ ಊಟ ತಂದು ಅಲ್ಲೇ ಉಂಡೆ. ಕೂತವಳು ನನ್ನ ತಟ್ಟೆ ನೋಡಿ, “ಇಷ್ಟೇ ಉಂಡ್ರೆ ಮಕ್ಕಳಿಗೆ ಎಂತ ಕಲಿಸ್ತ್ರಿ?” ಎಂದು ಗದರಿ ತನ್ನ ಪಾಲಿನ ಬಂಗುಡೆ ಸಾರು ಸುರಿಯುತ್ತಿದ್ದಳು.

ಆಮೇಲೆ ನನಗೆ ಹೊನ್ನಾವರಕ್ಕೆ ವರ್ಗವಾಯಿತು. ಹೇಳಿಹೋಗಲು ಬಂದರೆ ದುರ್ಗಮ್ಮ ನನ್ನ ಕೈ ಬಿಡಲೊಲ್ಲಳು. “ಮಾಸ್ತರ್ರೆ, ಅಲ್ಲಿ ನಿಮ್ಮನ್ನ ನೋಡ್ಕಂಬವ್ರು ಯಾರಿದ್ರು?” ಎಂದು ಕೇಳಿದಳು.

ಬೇಕಾದಷ್ಟು ಜನ ಇದ್ದಾರೆ ಎಂದು ಸುಳ್ಳು ಹೇಳಿ ಬಸ್ಸು ಹತ್ತಿದೆ.